ಹುಳದ ಡಬ್ಬಿ ಮತ್ತ ನನ್ನ ಪಿಎಚ್‌ಡಿ

ಹುಳಾ ಕಲಿಯೂ ಮಂದಿ ನಗೂ ಪ್ರಸಂಗ ಹುಡಿಕ್ಕೊಂಡು ಎಲ್ಲೂ ಹೋಗಬೇಕಾಗಿಲ್ಲ. ಕೈಯಾಗೊಂದು ಹುಳಾ ಹಿಡಿಯೂ ಬಲಿ ಹಿಡಕೊಂಡು ಬದುವಿನ ಮ್ಯಾಲೆ ನಿಂತ್ರ ಸಾಕು, ಅವು ತಾವ ಹಾರಿ ಬರತಾವ. ನಾ ಗಡೀ ಆಚೆ, ಮರಾಠಿ ನಾಡಿನ ಜತ್ತ ತಾಲೂಕಿನ ಬಿಳೂರಿನಾಕಿ. ಕೀಟಶಾಸ್ತ್ರದಾಗ ಪಿಎಚ್‌ಡಿ ಮಾಡೀನಿ. ಊರಾಗ ನನಗ ಹುಳದ ಅಕ್ಕಾ ಅಂತಾರ. ಮೊದಲ ಮೊದಲ ಸಿಟ್ಟು ಬರತಿತ್ತು. ಈಗ ಯಾರರೆ ಬರೇ ಹೆಸರ ಹಿಡದು ಕರದ್ರ, ಬ್ಯಾರೆ ಯಾರನ್ನೋ ಕರ್ಯಾಕತ್ತಾರಂತ ಹಂಗ ಮುಂದ ಹೋಗಿಬಿಡತೀನಿ.

೧. ಒಂದ ಮನಿ, ಎರಡು ಧಂದೆ

ನಮ್ಮಪ್ಪಂದು ಔಷಧದ ಅಂಗಡಿ. ಮನಷ್ಯಾರ ಔಷಧ ಅಲ್ಲ, ಬೆಳಿಗೆ ಹೊಡಿಯೂ ಔಷಧ. ನನಗ ಎಂ.ಎಸ್ಸಿ.ಗೆ ಕೀಟಶಾಸ್ತ್ರದ ಸೀಟು ಸಿಕ್ಕಾಗ ಅಪ್ಪ ಅಂಗಡ್ಯಾಗ ಕುಂತು ಕೇಳಿದ್ರು, “ಅಲ್ಲಿ ಏನ ಕಲಸ್ತಾರವಾ?”

“ಹುಳಾ ಎಲ್ಲಿ ಇರತಾವ, ಏನ ತಿಂತಾವ, ಎಲ್ಲಿ ತತ್ತಿ ಇಡತಾವ, ಎಷ್ಟ ಮಕ್ಕಳ ಆಗತಾವ, ಅದೆಲ್ಲಾ.”

ಅವ್ವ ಅಂಗಡಿ ಹಿಂದಿನ ಮನಿ ಒಳಗಿಂದನ ಅಂದ್ಲು, “ಇಷ್ಟ ಕಾಳಜಿ ನಿಮ್ಮಕ್ಕನ ಸಂಸಾರದ ಮ್ಯಾಲೆ ತೋರಿಸಿದ್ರ ಆಕಿ ವಾರಕ್ಕೊಮ್ಮೆ ಫೋನ್ ಹಚ್ಚಿ ಅಳತಿದ್ದಿಲ್ಲ.”

ಅಪ್ಪ ಮಾತ್ರ ಔಷಧದ ಡಬ್ಬಿ ಸಾಲಾಗಿ ಹೊಂದಿಸಿ ಇಟ್ರು. ಆಮ್ಯಾಲೆ ಅಂದ್ರು, “ಹೋಗಲಿ ಬಿಡ. ಮಗಳ ಜ್ವಾಕಿ ಮಾಡ್ತಾಳ, ಅಪ್ಪ ಕೊಲ್ಲತಾನ. ಮನ್ಯಾಗ ಎರಡೂ ಧಂದೆ ಇರಲಿ.”

ಆದ್ರ ಎರಡೂ ಧಂದೆ ಒಂದ ಅಂಗಡ್ಯಾಗ ನಡಿಯೂದಿಲ್ಲ ಅನ್ನೂದು ಮೊದಲ ಸೂಟಿಯೊಳಗ ಗೊತ್ತಾತು. ಒಬ್ಬರು ರೈತರು ಹತ್ತಿ ಎಲಿ ತಂದ್ರು. ಅದರ ಮ್ಯಾಲೆ ಕರೀ ಮರಿಹುಳಾ. “ಇದಕ್ಕ ಖಡಕ್ ಔಷಧ ಕೊಡ್ರಿ” ಅಂದ್ರು. ನಾ ನೋಡಿದೆ, ಅದು ಗುಲಗಂಜಿ ಹುಳದ ಮರಿ, ಬೆಳಿಗೆ ಹತ್ತೂ ಹೇನ ತಿಂದು ಬೆಳಿ ಕಾಯೂ ಹುಳಾ. “ಕಾಕಾ, ಇದು ನಿಮ್ಮ ಆಳು. ಪಗಾರ ಇಲ್ಲದ ದುಡಿತೈತಿ. ಏನೂ ಹೊಡಿಬ್ಯಾಡ್ರಿ” ಅಂದೆ. ಅವರು ಖುಷಿಲೆ ಬರೇ ಕೈಲೆ ಹೋದ್ರು. ಅವತ್ತು ಹಿಂಗ ಮೂರು ಮಂದಿ ಬರೇ ಕೈಲೆ ಹೋದ್ರು.

ಸಂಜೀಕ ಶಟರ್ ಎಳಿಯೂ ಮುಂದ ಅಪ್ಪ ಭಾಳ ಸಮಾಧಾನದಿಂದ ಅಂದ್ರು, “ನೀ ಹೇಳೂದು ಖರೇ ಐತಿ. ನನಗ ಅಭಿಮಾನ ಐತಿ. ಆದ್ರ ನಾಳಿಂದ ಖರೇ ಹೇಳೂದನ್ನ ಕಟ್ಟೀ ಮ್ಯಾಲೆ ಕುಂತು ಹೇಳು.”

ಮರುದಿನ ಅಂಗಡಿ ಹೊರಗ ನನಗೊಂದು ಖುರ್ಚಿ ಹಾಕಿದ್ರು. ಒಂದ ವಾರದಾಗ ಖುರ್ಚಿ ಮುಂದ ಪಾಳಿ ಹತ್ತಿತು, ಅಂಗಡಿ ಒಳಗ ಅಪ್ಪ ಒಬ್ಬರೇ ಪೇಪರ್ ಓದಿಕೋತ ಕುಂತಿದ್ರು.

೨. ಮೂವತ್ತೆರಡು ಪ್ರವಾಸಿಗರು

ಮೊದಲನೇ ಮಳಿ ಬಿದ್ದ ಮ್ಯಾಲೆ ಬೇವಿನ ಗಿಡಕ್ಕ ಕಂದು ದುಂಬಿ ಮುತ್ತತಾವ. ಪ್ರಯೋಗಕ್ಕಂತ ನಾ ಕುಣಿಕೋಣೂರಿನಿಂದ ಮೂವತ್ತೆರಡು ದುಂಬಿ ಹಿಡದು, ಸಣ್ಣ ಸಣ್ಣ ತೂತು ಹಾಕಿದ ಡಬ್ಬ್ಯಾಗ ತುಂಬಿ, ತೊಡಿ ಮ್ಯಾಲೆ ಇಟ್ಟುಕೊಂಡು ಬಸ್ಸಿನ್ಯಾಗ ಕುಂತಿದ್ದೆ. ಒಳಗಿಂದ ಗರಗರ ಸಪ್ಪಳ ನಡದಿತ್ತು.

ಕಂಡಕ್ಟರ್ ಬಂದು ನಿಂತು ಡಬ್ಬಿ ನೋಡಿದ್ರು, ನನ್ನ ನೋಡಿದ್ರು.

“ಏನೈತ್ರಿ ಇದರಾಗ?”

“ದುಂಬಿ.”

“ಜೀವಂತ ಅದಾವೇನು?”

“ಜೀವಂತನ ಬೇಕ್ರಿ. ಸತ್ತ್ರ ನನ್ನ ಕೆಲಸ ಕೆಡತೈತಿ.”

ಅವರು ಕಾಯ್ದೆ ಬಲ್ಲ ಮನಷ್ಯಾ. “ಜೀವಂತ ಪ್ರಾಣಿ ತಗೊಂಡ ಹೋಗಬೇಕಂದ್ರ ತಿಕೀಟ ತಗೀಬೇಕಾಗತೈತಿ. ಎಷ್ಟ ಅದಾವ?”

ನಾನೂ ಖರೇ ಹೇಳೂ ಚಾಳಿಯಾಕಿ. “ಮೂವತ್ತೆರಡು” ಅಂದೆ. ಅವರು ಮಶೀನ್ ಮ್ಯಾಲೆ ಬೆರಳು ಇಟ್ಟು ನಿಂತ್ರು. ಕೋಳಿ ಅಂತ ಹರೀಬೇಕೋ, ಕುರಿ ಅಂತ ಹರೀಬೇಕೋ, ಪೂರಾ ಹರೀಬೇಕೋ, ಅರ್ಧಾ ಹರೀಬೇಕೋ ಒಂದೂ ಬಗಿಹರಿಯಲಿಲ್ಲ. ಡ್ರೈವರ್ ಬಸ್ಸು ಬಂದ್ ಮಾಡಿ ಹೊಳ್ಳಿ ನೋಡಾಕ ಹತ್ತಿದ್ರು. ಮಂದಿ ಎಲ್ಲಾ ನನ್ನ ಡಬ್ಬಿ ಕಡೆ ಬಗ್ಗಿದ್ರು.

ಆಗ ಹಿಂದಿನ ಸೀಟಿನ ಮ್ಯಾಲೆ ಕಂಬಳಿ ಹೊಚ್ಚಿಕೊಂಡು ಕುಂತಿದ್ದ ಕುರುಬರ ಮುತ್ಯಾ ನಿಧಾನಕ್ಕ ಎದ್ದು ನಿಂತ. “ಸಾಹೇಬ್ರ, ಆ ತಂಗಿಗೆ ತಿಕೀಟ ಹರಿಯೂದಾದ್ರ ನನ್ನ ಮೊದಲ ಇಳಸ್ರಿ. ನನ್ನ ಕಂಬಳ್ಯಾಗ ಎಷ್ಟ ಅದಾವಂತ ನಾ ಎಣಿಸಿಲ್ಲ.”

೩. ಸಾಲ್ಯಾಗ ಭಾಷಣ

ಒಂದ ಹಳ್ಳಿ ಸಾಲಿ ಹೆಡ್‌ಮಾಸ್ತರು ನನ್ನ ಭಾಷಣಕ್ಕ ಕರದ್ರು. ಹುಳಾ ಕಲತ್ರ ಏನೇನು ನೌಕರಿ ಸಿಗತಾವ ಅಂತ ಹುಡುಗೂರಿಗೆ ಹೇಳಬೇಕಿತ್ತು. ಶ್ರಾವಣ ತಿಂಗಳು. ಮಾಸ್ತರು ಮೊದಲ ಎದ್ದು ನಿಂತು, ಶ್ರಾವಣದಾಗ ತಾವು ಉಳ್ಳಾಗಡ್ಡಿ ಸುದ್ದಾ ಮುಟ್ಟೂದಿಲ್ಲ, ಸೋಮವಾರಂತೂ ಒಂದ ಹೊತ್ತಿನ ಊಟಾ ಅಂತ ಹೇಳಿ, ಶಿಸ್ತಿನ ಮ್ಯಾಲೆ ಅರ್ಧಾ ತಾಸು ಮಾತಾಡಿದ್ರು.

ಆಮ್ಯಾಲೆ ನನ್ನ ಪಾಳಿ. ಕಾಲೇಜಿನ್ಯಾಗ ಕಲಸೂದು, ಸಂಶೋಧನಾ ಕೇಂದ್ರದಾಗ ವಿಜ್ಞಾನಿ ಆಗೂದು, ಜೇನು ಸಾಕೂದು, ರೇಷ್ಮಿ, ಹೊರದೇಶದಿಂದ ಬರೂ ಹಣ್ಣಿನ್ಯಾಗ ಹುಳಾ ಐತೇನಂತ ಬಂದರಿನ್ಯಾಗ ತಪಾಸಣಿ ಮಾಡೂದು, ಎಲ್ಲಾ ಹೇಳಿದೆ. ಹುಡುಗೂರು ಆಕಳಿಸಾಕ ಹತ್ತಿದ್ರು. ಕಡೀಕ ಅಂದೆ, “ಪೊಲೀಸರೂ ನಮ್ಮನ್ನ ಕರಿತಾರ. ಹೆಣದ ಮ್ಯಾಲೆ ನೊಣ ತತ್ತಿ ಇಡತಾವ. ಹುಳಾ ಎಷ್ಟ ಬೆಳದಾವ ಅನ್ನೂದರ ಮ್ಯಾಲೆ ಜೀವ ಯಾವತ್ತು ಹೋಗೈತಿ ಅಂತ ಹೇಳಬಹುದು.”

ಇಡೀ ಸಾಲಿ ನೆಟ್ಟಗ ಕುಂತಿತು.

ಮುಂದಿನ ಬುಧವಾರ ನನಗೊಂದು ಫೋನ್ ಬಂತು. ಆ ಸಾಲಿ ಏಳನೇತ್ತಾದ ಹುಡುಗಿ, ಅವರವ್ವನ ಫೋನಿನಿಂದ ಮಾಡಿದ್ಲು. “ಅಕ್ಕಾರ, ಹುಳಾ ಜ್ವಾಳದ ಕಾಳಿನಷ್ಟ ಅದಾವ್ರಿ. ಎಷ್ಟ ದಿನದ್ದಿರಬಹುದು?”

ಹುಡುಗಿಗೆ ವಿಷಯದ ಮ್ಯಾಲೆ ಇಷ್ಟ ಆಸಕ್ತಿ ಐತಲ್ಲಾ ಅಂತ ನನಗ ಎದಿ ತುಂಬಿ ಬಂತು. “ಎರಡು ದಿನದ್ದು” ಅಂದೆ.

“ಅಂದ್ರ ಸೋಮವಾರ ಹೌದಲ್ರಿ?”

“ಹೌದು, ಸೋಮವಾರ. ಯಾಕವಾ?”

ಫೋನ್ ಕಟ್ ಆತು. ಹಿಂದುಗಡೆ ಹುಡುಗೂರು ಹೋ ಅಂದದ್ದು ಕೇಳಿಸಿತು.

ಆಮ್ಯಾಲೆ ಗೊತ್ತಾತು, ಮಾಸ್ತರ ಮನಿ ಹಿತ್ತಲದಾಗ ಕೋಳಿ ಪುಚ್ಚ ಮತ್ತ ಕರಳು ಬಿದ್ದಿದ್ವಂತ. ಏಳನೇತ್ತಾದವರು ಸುತ್ತಲೂ ದಾರಾ ಕಟ್ಟಿ, ವಹಿಯೊಳಗ ನಕಾಶಿ ತಗದು, ಹುಳಾ ಅಳತಿ ಮಾಡಿ, ವರದಿ ಬರದು ನೋಟಿಸ್ ಬೋರ್ಡಿಗೆ ಹಚ್ಚಿದ್ರಂತ. ಮರುದಿನ ಹೆಡ್‌ಮಾಸ್ತರ ಫೋನ್ ಬಂತು.

“ಮ್ಯಾಡಂ, ಭಾಷಣ ಭಾಳ ಚಲೋ ಆತ್ರಿ. ಮುಂದಿನ ಸಲ ಬಂದಾಗ ಮಾತ್ರ ರೇಷ್ಮಿ ಹುಳದ ಬಗ್ಗೆ ಅಷ್ಟ ಹೇಳ್ರಿ.”

೪. ಅರವತ್ತು ಸೊನ್ನಿ

ಈಗ ನಗು ಸ್ವಲ್ಪ ಬಾಜೂಕಿಡ್ರಿ. ಪಿಎಚ್‌ಡಿ ಕಡೀ ವರ್ಷದಾಗ ನಾ ಅತ್ತದ್ದು ನನಗ ಗೊತ್ತು.

ನಾ ತಗೊಂಡ ವಿಷಯ ಹಣ್ಣಿನ ನೊಣ. ಪೇರಲ ಹಣ್ಣು ಹೊರಗ ಚಂದ ಕಾಣತೈತಿ, ಒಡದು ನೋಡಿದ್ರ ಒಳಗ ಹುಳಾ ಮಿಸುಕಾಡತಿರತಾವ, ಅದು ಈ ನೊಣದ ಕೆಲಸ. ಯಾವ ವಾರ ಎಷ್ಟ ನೊಣ ಬಂದ್ವು ಅಂತ ಗಿಡದ ಲೆಕ್ಕಲೆ ಎಣಸಬೇಕು. ಅಪ್ಪನ ಹಳೇ ಗಿರಾಕಿ ಒಬ್ಬರಿಗೆ ಡಫಳಾಪುರದಾಗ ಪೇರಲ ತೋಟ ಇತ್ತು. ಅವರನ್ನ ನಾ ಚಾಚಾ ಅಂತೀನಿ. ತೋಟದಾಗ ಮನಿ, ಮನ್ಯಾಗ ಅವರ ತಾಯಿ ದಾದಿಮಾ. ಮೊದಲನೇ ದಿನ ನಾ ದಾದಿಮಾಗ “ನೀವು ಹೆಂಗದೀರಿ” ಅಂದದ್ದಕ್ಕ ಬೈಸಿಕೊಂಡೆ. “ನಿಮ್ಮಜ್ಜಿಗೂ ನೀವು ಅಂತಿಯೇನು? ನೀ ಅನ್ನು ಬೇಟಿ” ಅಂದ್ಲು. ಅವತ್ತಿಂದ ಆಕಿ ನನಗ ನೀ ಆದ್ಲು.

ಹತ್ತು ಗಿಡಕ್ಕ ಹತ್ತು ಪ್ಲಾಸ್ಟಿಕ್ ಡಬ್ಬಿ ಕಟ್ಟಿದೆ. ಕೆಂಪು ಬಣ್ಣದಿಂದ ಒಂದರಿಂದ ಹತ್ತರ ತನಕ ನಂಬರ್ ಹಾಕಿದೆ. ಡಬ್ಬಿ ಮಗ್ಗಲಕ್ಕ ತೂತು, ಮುಚ್ಚಳದ ಒಳಗ ವಾಸನಿ ಎಣ್ಣಿ ಅದ್ದಿದ ಹತ್ತಿ. ವಿಷ ಇಲ್ಲ. ನೊಣ ವಾಸನಿಗೆ ಒಳಗ ಬರತಾವ, ಹೊರಗ ಹೋಗೂ ದಾರಿ ಗೊತ್ತಾಗದ ಅಲ್ಲೇ ಸತ್ತು ಒಣಗತಾವ. ನಾ ಆಯಿತವಾರಕ್ಕೊಮ್ಮೆ ಬಂದು ಎಣಿಸಿ ಹೋಗೂದು.

ದಾದಿಮಾ ಮೂಸಿ ನೋಡಿದ್ಲು. “ಅತ್ತರ ಏನು?”

“ಹಂಗ ತಿಳಕೋ. ಈ ವಾಸನಿಗೆ ಗಂಡು ನೊಣ ಅಷ್ಟ ಬರತಾವ. ಹೆಣ್ಣು ಬರೂದಿಲ್ಲ.”

“ಹೆಣ್ಣಿಗೆ ಮನ್ಯಾಗ ಕೆಲಸ ಇರತಾವ” ಅಂದು ಆಕಿ ಒಳಗ ಹೋದ್ಲು.

ಮೊದಲನೇ ಆಯಿತವಾರ ಬಂದು ಡಬ್ಬಿ ತಗದು ನೋಡಿದೆ. ಹತ್ತೂ ಖಾಲಿ. ಎರಡನೇ ವಾರ ಖಾಲಿ. ಮೂರನೇ ವಾರ ಹೊಸಾ ಹತ್ತಿ ಹಾಕಿದೆ, ಕೊಂಬಿ ಬದಲಿ ಮಾಡಿದೆ, ಖಾಲಿ. ಗಿಡದ ಬುಡಕ ಬಿದ್ದ ಹಣ್ಣು ಒಡದ್ರ ಹುಳಾ ತುಂಬ್ಯಾವ, ಮ್ಯಾಲೆ ಡಬ್ಬ್ಯಾಗ ಒಂದು ನೊಣದ ರೆಕ್ಕಿ ಸುದ್ದಾ ಇಲ್ಲ. ಆರು ವಾರ ಆದ ಮ್ಯಾಲೆ ನನ್ನ ವಹಿಯೊಳಗ ಅರವತ್ತು ಸೊನ್ನಿ ಸಾಲಾಗಿ ಕುಂತಿದ್ವು. ಡಬ್ಬಿ ಮಾತ್ರ ಹೊಸಾವು ಇದ್ದಂಗ ಥಳಥಳ ಹೊಳಿತಿದ್ವು. ಮಳಿ ತೊಳದಿರಬೇಕು ಅಂತ ನಾ ಶಾಣ್ಯಾತನ ಮಾಡಿ ಬರಕೊಂಡಿದ್ದೆ.

ನಮ್ಮ ಗೈಡ್ ಸರ್ ಮರಾಠಿಯೊಳಗ ಬೈದದ್ದನ್ನ ಕನ್ನಡದಾಗ ಹೇಳಿದ್ರ ಹಿಂಗಾಗತೈತಿ: “ಒಂದ ವಾರ ಸೊನ್ನಿ ಬಂದ್ರ ಅದು ನೊಣದ ತಪ್ಪು. ಆರು ವಾರ ಬಂದ್ರ ಅದು ನಿನ್ನ ತಪ್ಪು.”

ಮುಂದಿಂದು ಅವರು ಮೆತ್ತಗ ಹೇಳಿದ್ರು. ಒಂದು ಸಂಶೋಧನಾ ಕೇಂದ್ರದಾಗ ವಿಜ್ಞಾನಿ ಜಾಗಾ ಖಾಲಿ ಆಗಿತ್ತು, ನನ್ನ ವಿಷಯದ್ದ. ಅರ್ಜಿ ಹಾಕಬೇಕಂದ್ರ ಥೀಸಿಸ್ ಕೊಟ್ಟಿರಬೇಕು. ಈ ಹಂಗಾಮ ಕೈಬಿಟ್ರ ಥೀಸಿಸ್ ಒಂದ ವರ್ಷ ಮುಂದ, ಫೆಲೋಶಿಪ್ ಬಂದ್, ಆ ಜಾಗಾ ಬ್ಯಾರೆಯವರಿಗೆ. ಸಣ್ಣಾಕಿ ಇದ್ದಾಗಿಂದ ಬಲಿ ಹಿಡಕೊಂಡು ಓಡ್ಯಾಡಿದ್ದು ಆ ಒಂದ ಖುರ್ಚಿ ಸಲುವಾಗಿ. ಪಿಎಚ್‌ಡಿ ಕಮಿಟಿಯವರು ತೋಟ ನೋಡಾಕ ಬರತಾರ, ಅವರ ಮುಂದ ಏನರೆ ತೋರಿಸು ಅಂದು ಸರ್ ಫೋನ್ ಇಟ್ರು. ನಾ ಬಚ್ಚಲದಾಗ ಹೋಗಿ ನಳಾ ಬಿಟ್ಟು ಅತ್ತೆ.

ಡಫಳಾಪುರದಾಗ ಮಾತ್ರ ಯಾರ ಮುಂದೂ ಬಾಯಿ ಬಿಡಲಿಲ್ಲ. ಅವರ ತೋಟದ ಮ್ಯಾಲೆ ತಪ್ಪು ಹಾಕಿದಂಗ ಆಗತೈತಿ ಅಂತ. ಚಹಾ ಕುಡದು ಎದ್ದು ಹೊಂಟಾಗ ಇಷ್ಟ ಅಂದೆ, “ದಾದಿಮಾ, ಬರೂ ವಾರ ದೊಡ್ಡ ಸಾಹೇಬ್ರು ಬರತಾರ, ಡಬ್ಬಿ ನೋಡಾಕ.”

ದಾದಿಮಾನ ಮಾರಿ ಅರಳಿತು. “ಬಂದ್ರೇನು ಕಡೀಕ? ಚಲೋ ಆತು ಬೇಟಿ” ಅಂದ್ಲು.

೫. ಸಾಹೇಬ್ರು ಡಬ್ಬಿ ತಗದದ್ದು

ಜೀಪಿನಿಂದ ಮೂರು ಮಂದಿ ಇಳದ್ರು. ನಮ್ಮ ಗೈಡ್ ಸರ್, ಇನ್ನೊಬ್ಬರು ಪ್ರೊಫೆಸರ್, ಮತ್ತ ಹೊರಗಿನಿಂದ ಬಂದ ಹಿರೇ ಸರ್. ಹಿರೇ ಸರ್ ನಕ್ಕಿದ್ದನ್ನ ಅವರ ಹೆಂಡತಿನೂ ನೋಡಿಲ್ಲ ಅಂತ ಡಿಪಾರ್ಟ್‌ಮೆಂಟಿನ್ಯಾಗ ಮಾತಿತ್ತು. ಅವರು ಯಾರ ಜೋಡಿನೂ ಮಾತಾಡದ ಸೀದಾ ಒಂದನೇ ಗಿಡಕ್ಕ ಹೋಗಿ, ಡಬ್ಬಿ ಬಿಚ್ಚಿ, ಮುಚ್ಚಳಾ ತಿರುವಿದ್ರು.

ಒಳಗ ಕಾಗದದಾಗ ಸುತ್ತಿದ ಒಂದು ಶೇಂಗಾ ಉಂಡಿ ಇತ್ತು.

ಹಿರೇ ಸರ್ ಅದನ್ನ ಬೆಳಕಿಗೆ ಹಿಡದು ನೋಡಿದ್ರು. ಎರಡನೇ ಡಬ್ಬಿ ತಗದ್ರು, ಶೇಂಗಾ ಉಂಡಿ. ಮೂರನೇದರಾಗ ಉಂಡಿ, ನಾಕನೇದರಾಗ ಉಂಡಿ. ಗೈಡ್ ಸರ್ ನನ್ನ ಕಡೆ ನೋಡೂದು ಬಿಟ್ಟು ಆಕಾಶ ನೋಡಾಕ ಹತ್ತಿದ್ರು. ಭೂಮಿ ಬಾಯಿ ಬಿಟ್ರ ಹೋಗಿಬಿಡತಿದ್ದೆ, ಆದ್ರ ಡಫಳಾಪುರದ ಭೂಮಿ ಗಟ್ಟಿ. ಹತ್ತನೇ ಡಬ್ಬಿ ಮುಚ್ಚಿ ಹಿರೇ ಸರ್ ಕೇಳಿದ್ರು, “ಈ ಪ್ರಯೋಗದಾಗ ಯಾವ ಕೀಟ ಹಿಡಿಯಾಕತ್ತೀರಿ?”

ಅಷ್ಟರಾಗ ದಾದಿಮಾ ತಲಿ ಮ್ಯಾಲೆ ಸೆರಗು ಸರಿ ಮಾಡಿಕೊಂಡು ಬಂದ್ಲು.

“ಸಲಾಂ ಸಾಹೇಬ್ರ. ನಿಮ್ಮ ಡಬ್ಬಿ ಎಲ್ಲಾ ಬರಾಬರಿ ಅದಾವ ನೋಡಿಕೊಳ್ರಿ. ಆಯಿತವಾರಕ್ಕೊಮ್ಮೆ ನಸುಕಿನ ಫಜರ್ ನಮಾಜ್ ಆದ ಕೂಡಲೇ ತೊಳದು ಇಟ್ಟೀನಿ.”

ನಾ ಅಂದೆ, “ದಾದಿಮಾ, ನೀ ತೊಳಿತಿದ್ದಿ?”

“ಮತ್ತ? ಮಂದಿ ಭಾಂಡಿ ನಮ್ಮ ಮನ್ಯಾಗ ಹೊಲಸ ಬೀಳಬೇಕೇನು? ಹತ್ತರ ಬಸ್ಸಿಗೆ ನೀ ಬರೂದರಾಗ ತೊಳದು, ಒರಸಿ ಕಟ್ಟತಿದ್ದೆ. ಅತ್ತರಿನ ಹತ್ತಿ ಮುಟ್ಟಿಲ್ಲ.”

“ನನಗ ಹೇಳಲಿಲ್ಲಲ್ಲ?”

“ನೀ ಕೇಳಲಿಲ್ಲ, ನಾ ಹೇಳಲಿಲ್ಲ.”

ಹಿರೇ ಸರ್ ಮರಾಠಿಯೊಳಗ ಕೇಳಿದ್ರು, “ಆಜಿ, ಈ ಉಂಡಿ?”

ದಾದಿಮಾ ಅವರಿಗಿಂತ ಚಲೋ ಮರಾಠಿಯೊಳಗ ಹೇಳಿದ್ಲು. ಈ ಹುಡುಗಿ ಬರೇ ಡಬ್ಬಿ ಎತ್ತಿ ಇಳಸೂ ಆಳು, ಡಬ್ಬಿ ಮಾಲಕರು ಬ್ಯಾರೆ ಇದ್ದಾರ ಅಂತ ತನಗ ಮೊದಲ ತಿಳದಿತ್ತು. ನಂಬರ್ ಹಾಕ್ಯಾರಲ್ಲ, ಹತ್ತು ನಂಬರ್ ಅಂದ್ರ ಹತ್ತು ಮನಿದು. ಈಗ ಮಾಲಕರು ಬಂದು ತಮ್ಮ ಡಬ್ಬಿ ಒಯ್ಯೂ ಮುಂದ ಖಾಲಿ ಹೆಂಗ ಕೊಡೂದು? ಖಾಲಿ ಡಬ್ಬಿ ತಿರುಗಿ ಕೊಡೂ ಪದ್ಧತಿ ಈ ಮನ್ಯಾಗ ಇಲ್ಲ.

ಹಿರೇ ಸರ್ ಕೈಯಾಗಿನ ಡಬ್ಬಿ ಕೆಳಗ ಇಟ್ರು. ಆಮ್ಯಾಲೆ ಹಗೂರಕ ಕೇಳಿದ್ರು, “ಮತ್ತ ಒಳಗಿದ್ದ ನೊಣ ಏನ ಮಾಡಿದ್ರಿ, ಆಜಿ?”

ದಾದಿಮಾಗ ಸಿಟ್ಟು ಬಂತು. “ನಾ ಒಗೀತೀನೇನು? ಮಂದಿ ಡಬ್ಬ್ಯಾಗಿಂದು ಒಗಿಯಾಕ ನಾ ಯಾರು?”

ಒಳಗ ಹೋಗಿ ಹಳೇ ಸೀರಿ ಹರದ ಹತ್ತು ಪಟ್ಟಿ ತಂದ್ಲು. ಒಂದೊಂದು ಪಟ್ಟಿ ಒಂದೊಂದು ಡಬ್ಬೀದು. ಒಂದೊಂದು ಪಟ್ಟಿಗೆ ಆರು ಗಂಟು. ಒಂದೊಂದು ಗಂಟು ಒಂದೊಂದು ವಾರದ್ದು. ಮೊದಲನೇ ಗಂಟು ಬಿಚ್ಚಿದ್ರು, ಒಳಗ ಒಣಗಿದ ನೊಣ, ರೆಕ್ಕಿ ಸುದ್ದಾ ಮುರದಿಲ್ಲ.

ನನಗ ಅಳು, ನಗು ಎರಡೂ ಕೂಡೇ ಬಂದ್ವು. ದಾದಿಮಾನ ಕೊರಳಿಗೆ ಬಿದ್ದೆ. “ಬಿಡ, ಸೆರಗು ಜಾರತೈತಿ, ಸಾಹೇಬ್ರು ನಿಂತಾರ” ಅಂತ ಆಕಿ ನನ್ನ ದೂಡಿದ್ಲು.

ಹೊರಸಿನ ಮ್ಯಾಲೆ ಬಿಳೀ ಚಾದರ ಹಾಸಿ ಮಧ್ಯಾಹ್ನದ ತನಕ ಎಣಿಸಿದ್ವಿ. ಹಿರೇ ಸರ್ ನೆಲದ ಮ್ಯಾಲೆ ಕುಂತು ಎಣಿಸಿದ್ರು, ಗೈಡ್ ಸರ್ ಬರಕೊಂಡ್ರು. ನೊಣ ವಾರದಿಂದ ವಾರಕ್ಕ ಏರಿದ್ದು, ಮಳಿ ಬಿದ್ದ ವಾರ ಇಳದದ್ದು, ಎಲ್ಲಾ ಗಂಟಿನ್ಯಾಗ ಇತ್ತು. ಹಿರೇ ಸರ್ ಕನ್ನಡಕ ತಗದು ಕೇಳಿದ್ರು, “ಆಜಿ, ಇದನ್ನ ಯಾವ ಸಾಲ್ಯಾಗ ಕಲತ್ರಿ?”

“ಲಗ್ನದ ಮನಿ ಸಾಲ್ಯಾಗ, ಸಾಹೇಬ್ರ. ಐವತ್ತು ಮನಿ ಭಾಂಡಿ ಬಂದಿರತಾವ. ಒಂದ ಚಮಚಾ ಆ ಕಡೆ ಈ ಕಡೆ ಆದ್ರ ಎರಡು ಮನಿ ಮಾತು ಬಿಡತಾವ.”

ಹಿರೇ ಸರ್ ನನ್ನ ಕಡೆ ತಿರುಗಿದ್ರು. “ಇವರನ್ನ ಮೊದಲ ಭೇಟಿ ಆಗಿದ್ರ ನಿನಗ ಗೈಡ್ ಬೇಕಾಗತಿದ್ದಿಲ್ಲ” ಅಂದ್ರು. ಗೈಡ್ ಸರ್ ಅದನ್ನೂ ಬರಕೊಳ್ಳಾಕ ಹತ್ತಿದ್ರು, ಆಮ್ಯಾಲೆ ಗೆರಿ ಎಳದು ಕಾಟು ಹಾಕಿದ್ರು.

ಗಿಡದ ಮ್ಯಾಲಿನ ಡಬ್ಬ್ಯಾಗ ವಾಸನಿ ಎಣ್ಣಿ ಇತ್ತಂತ ಆ ಉಂಡಿ ತಿನ್ನಾಕ ನಾ ಬಿಡಲಿಲ್ಲ. ದಾದಿಮಾ ಅಡಗೀ ಮನಿಯಿಂದ ಬ್ಯಾರೆ ಉಂಡಿ ತಂದ್ಲು. ಹಿರೇ ಸರ್ ನಾಕು ತಿಂದ್ರು. ಹೋಗೂ ಮುಂದ ನನ್ನ ಚೀಲದಾಗಿನ ಹೊಸಾ ಡಬ್ಬಿಯೊಂದನ್ನ, ಇನ್ನೂ ನಂಬರ್ ಹಾಕಲಾರದ್ದು, ಉಂಡಿ ತುಂಬಿಸಿಕೊಂಡು ಜೀಪ್ ಹತ್ತಿದ್ರು.

೬. ಡಬ್ಬಿ ತಿರುಗಿ ಬಂತು

ಥೀಸಿಸ್ ಟೈಮಿಗೆ ಕೊಟ್ಟೆ. ಆ ಜಾಗಾಕ್ಕ ಅರ್ಜಿ ಹಾಕಿದೆ. ಸಂದರ್ಶನದಾಗ ಕೇಳಿದ್ರು, “ಹೊಲದಾಗ ಕೆಲಸಾ ಮಾಡೂ ಮುಂದ ಎಲ್ಲಾಕ್ಕಿಂತ ಕಠಿಣ ಯಾವುದು?”

“ಹುಳಾ ಹಿಡಿಯೂದು ಕಠಿಣ ಅಲ್ರಿ. ನಮ್ಮ ಮಂದಿ ಮರ್ಯಾದಿಯಿಂದ ಅವನ್ನ ಉಳಿಸಿಕೊಳ್ಳೂದು ಕಠಿಣ” ಅಂದೆ. ಕುಂತವರೆಲ್ಲಾ ನಕ್ರು. ನನಗ ನೌಕರಿ ಸಿಕ್ಕಿತು. ಅಪ್ಪ ಅಂಗಡಿ ಹೊರಗಿನ ಖುರ್ಚಿ ತಗೀಲಿಲ್ಲ, ಮಗಳು ಸೂಟಿಗೆ ಬಂದಾಗ ಬೇಕಾಗತೈತಿ ಅಂತ.

ಪೇಢೆ ಕೊಡಾಕ ಡಫಳಾಪುರಕ್ಕ ಹೊಂಟಾಗ ಗೈಡ್ ಸರ್ ನನ್ನ ಕೈಯಾಗ ಒಂದು ಪೊಟ್ಟಣ ಕೊಟ್ರು. ಹಿರೇ ಸರ್ ಕಳಿಸಿದ್ದು, ದಾದಿಮಾಗ. ಹೊರಸಿನ ಮ್ಯಾಲೆ ಕುಂತು ದಾದಿಮಾ ಬಿಚ್ಚಿದ್ಲು. ಅವತ್ತು ಉಂಡಿ ತುಂಬಿಸಿಕೊಂಡು ಹೋಗಿದ್ದ ಅದೇ ಡಬ್ಬಿ. ಅದರ ತುಂಬ ಬದಾಮ, ಒಣ ಖಾರೀಕ. ಮ್ಯಾಲೊಂದು ಚೀಟಿ. ನಾ ಓದಿ ಹೇಳಿದೆ: “ಆಜಿ, ಡಬ್ಬಿ ಖಾಲಿ ತಿರುಗಿ ಕೊಡಬಾರದು ಅಂತ ನಿಮ್ಮ ಕಡಿಂದ ಕಲತೆ.”

ನನ್ನ ಕಣ್ಣಾಗ ನೀರು ಬಂದ್ವು. ಚಾಚಾನೂ ಮಾರಿ ಆ ಕಡೆ ಹೊಳ್ಳಿಸಿದ್ರು. ದಾದಿಮಾ ಮಾತ್ರ ಖಾರೀಕ ಎಲ್ಲಾ ತಾಟಿಗೆ ಸುರುವಿ, ಡಬ್ಬೀನ ಬಿಸಿಲಿಗೆ ಹಿಡದು, ಒಳಗ ಇಣಿಕಿ ನೋಡಿದ್ಲು. ತಳದಾಗ ಆ ದಿನದ ಶೇಂಗಾ ಪುಡಿ ಇನ್ನೂ ಅಂಟಿಕೊಂಡಿತ್ತು.

“ಇಷ್ಟ ದೊಡ್ಡ ಸಾಹೇಬ್ರು” ಅಂದ್ಲು, “ಡಬ್ಬಿ ತೊಳದಿಲ್ಲ ನೋಡು.”